ಮುದ್ದೆ ಇಮ್ಮಡಿಯಾದರೆ ಅಗಲವೆಷ್ಟು?

‘ಎಕ್ಸ್‌ರೇ ತೆಗೆಸಿದ್ದೇನೆ, ಏನೂ ಇಲ್ಲವಂತೆ’ ಎಂದು ನೆಮ್ಮದಿಯಿಂದಿರುವ ಹಳೆಯ ಧೂಮಪಾನಿಗಳನ್ನು ಕಂಡಾಗಲೆಲ್ಲ ಕಸಿವಿಸಿಯಾಗುತ್ತದೆ. ಎದೆಯ ಎಕ್ಸ್‌ರೇ ಎಂದರೆ ಪಕ್ಕೆಲುಬು, ಹೃದಯ, ರಕ್ತನಾಳಗಳೆಲ್ಲ ಒಂದರ ಮೇಲೊಂದು ಬಿದ್ದ ನೆರಳು. ಅದರ ಮರೆಯಲ್ಲಿ ಶ್ವಾಸಕೋಶದ ಸಣ್ಣ ಗಂಟೊಂದು ಸುಲಭವಾಗಿ ಅಡಗಿಬಿಡುತ್ತದೆ. ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದದ್ದರಿಂದ ಶ್ವಾಸಕೋಶದ ಕ್ಯಾನ್ಸರ್ ಸಾವುಗಳು ಕಡಿಮೆಯಾಗಲಿಲ್ಲ. ಅದೇ ವರ್ಷ ಹೊರಬಂದ ಇನ್ನೊಂದು ಅಧ್ಯಯನದಲ್ಲಿ, ಬಹುಕಾಲ ಸೇದಿದ 53 ಸಾವಿರಕ್ಕೂ ಹೆಚ್ಚು ಮಂದಿಯ ಪೈಕಿ ಎದೆಯನ್ನು ಪದರಪದರವಾಗಿ ತೋರಿಸುವ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಆ ಸಾವುಗಳು ಎಕ್ಸ್‌ರೇ ಗುಂಪಿಗಿಂತ ಶೇ 20ರಷ್ಟು ಕಡಿಮೆಯಿದ್ದವು.

ಆದರೆ ಸಿ.ಟಿ.ಯ ಕಣ್ಣು ಅತಿ ಚುರುಕು. ಆ ಅಧ್ಯಯನದಲ್ಲಿ ಅನುಮಾನಾಸ್ಪದವೆಂದು ಬಂದ ಪ್ರತಿ 100 ವರದಿಗಳಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಹಾಗೆಂದು ಎಲ್ಲರ ಗಂಟಿಗೂ ಸೂಜಿ ಚುಚ್ಚಿ ತುಣುಕು ತೆಗೆದು ಪರೀಕ್ಷಿಸುತ್ತ ಹೋಗಲಾದೀತೇ? ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ‘ನೆಲ್ಸನ್’ ಅಧ್ಯಯನದವರು ಇಲ್ಲಿ ಸೊಗಸಾದ ದಾರಿ ಹಿಡಿದರು. ಗಂಟಿನ ಅಗಲದ ಬದಲು ಘನಫಲವನ್ನು ಅಳೆದರು; ಸಂಶಯವಿದ್ದವರನ್ನು ಮೂರು ತಿಂಗಳ ನಂತರ ಮತ್ತೆ ಕರೆದು, ಅದು ಎಷ್ಟು ವೇಗವಾಗಿ ಬೆಳೆದಿದೆ ಎಂದು ನೋಡಿದರು.

ಅಗಲ ಯಾಕೆ ಮೋಸ ಮಾಡುತ್ತದೆ? ಎರಡು ರಾಗಿಮುದ್ದೆಗಳನ್ನು ಕೂಡಿಸಿ ಒಂದೇ ಮುದ್ದೆ ಕಟ್ಟಿ ನೋಡಿ. ಹಿಟ್ಟು ಇಮ್ಮಡಿಯಾಗಿದ್ದರೂ ತಟ್ಟೆಯಲ್ಲಿ ಅದರ ಅಗಲ ಹೆಚ್ಚುವುದು ಕಾಲು ಭಾಗದಷ್ಟೇ. ಲಾಡು, ಕಲ್ಲಂಗಡಿ, ಯಾವ ಗುಂಡನೆಯ ವಸ್ತುವಿಗೂ ಇದೇ ಲೆಕ್ಕ. 5 ಮಿಲಿಮೀಟರಿನ ಗಂಟಿನ ಜೀವಕೋಶಗಳು ಇಮ್ಮಡಿಯಾದಾಗ ಅದು 6.3 ಮಿಲಿಮೀಟರ್ ಆಗುತ್ತದೆ, ಬರಿಗಣ್ಣಿನ ಅಂದಾಜಿಗೆ ‘ಸ್ವಲ್ಪ ದೊಡ್ಡದಾಗಿದೆ’ ಅನ್ನಿಸುತ್ತದೆ, ಅಷ್ಟೇ. ಹೀಗೆ ಮತ್ತೆ ಕರೆದವರ ಪೈಕಿ, ಗಂಟಿನ ಘನಫಲ 400 ದಿನಗಳೊಳಗೆ ಇಮ್ಮಡಿಯಾಗುವ ವೇಗದಲ್ಲಿ ಬೆಳೆಯುತ್ತಿದ್ದವರನ್ನು ಮಾತ್ರ ನೆಲ್ಸನ್ ಅಧ್ಯಯನದವರು ಮುಂದಿನ ತಪಾಸಣೆಗೆ ಕಳುಹಿಸಿದರು. ಸ್ಕ್ಯಾನ್ ಮಾಡಿಸಿಕೊಂಡ ಪುರುಷರಲ್ಲಿ, ಮಾಡಿಸದವರಿಗೆ ಹೋಲಿಸಿದರೆ, ಹತ್ತು ವರ್ಷಗಳ ಅವಧಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವುಗಳು ಶೇ 24ರಷ್ಟು ಕಡಿಮೆಯಾದವೆಂದು 2020ರಲ್ಲಿ ವರದಿಯಾಯಿತು.

ಅಮೆರಿಕದ 2021ರ ಶಿಫಾರಸಿನ ಪ್ರಕಾರ, 50ರಿಂದ 80 ವರ್ಷದೊಳಗಿನ, ದಿನಕ್ಕೊಂದು ಪ್ಯಾಕಿನಂತೆ ಕನಿಷ್ಠ 20 ವರ್ಷಕ್ಕೆ ಸಮನಾಗಿ ಸೇದಿದ, ಈಗಲೂ ಸೇದುತ್ತಿರುವ ಅಥವಾ ಬಿಟ್ಟು 15 ವರ್ಷ ಮೀರದವರಿಗೆ ವರ್ಷಕ್ಕೊಮ್ಮೆ ಈ ಸ್ಕ್ಯಾನ್ ಬೇಕು. (ಅಲ್ಲಿನ ಪ್ಯಾಕ್ ಇಪ್ಪತ್ತು ಸಿಗರೇಟಿನದು, ನಮ್ಮ ಬೀಡಾ ಅಂಗಡಿಯ ಹತ್ತರದ್ದಲ್ಲ.) ಕ್ಷಯರೋಗ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದರ ಹಳೆಯ ಕಲೆಗಳೂ ಸ್ಕ್ಯಾನಿನಲ್ಲಿ ಗಂಟಿನಂತೆಯೇ ಕಾಣುವುದರಿಂದ, ಬೆಳವಣಿಗೆಯನ್ನು ನೋಡುವ ಈ ವಿಧಾನ ಇಲ್ಲಿ ಇನ್ನೂ ಮುಖ್ಯ. ಮಾಗಿದ ಕಲೆ ಸಾಮಾನ್ಯವಾಗಿ ಇದ್ದಷ್ಟೇ ಇರುತ್ತದೆ. ಆದ್ದರಿಂದ ಎಂದೋ ಮಾಡಿಸಿದ ಸ್ಕ್ಯಾನಿನ ಸಿ.ಡಿ. ಬೀರುವಿನ ಮೂಲೆಯಲ್ಲಿದ್ದರೆ, ಹೊಸದರ ಜೊತೆಗೆ ಅದನ್ನೂ ವೈದ್ಯರಿಗೆ ತೋರಿಸಬೇಕು.