ಹವಳ ಬಿಟ್ಟು ಕೆಸರಿಗೆ ಯಾಕೆ ಇಳಿಯುತ್ತಾರೆ?

ಓದುಗರ ಪ್ರಶ್ನೆ: ಇಂಡೋನೇಷ್ಯಾಕ್ಕೆ ಡೈವಿಂಗ್‌ಗೆ ಹೋದ ಗೆಳೆಯ ಫೋಟೊ ಕಳಿಸಿದ್ದಾನೆ. ಹವಳ ಇಲ್ಲ, ನೀಲಿ ನೀರೂ ಇಲ್ಲ. ಕಪ್ಪು ಮರಳು, ಒಂದು ಹಳೇ ಬಾಟಲಿ, ಅದರೊಳಗಿಂದ ನೋಡುವ ಒಂದು ಕಣ್ಣು. ಇದಕ್ಕೆ ಮಕ್ ಡೈವಿಂಗ್ ಅಂತಾರಂತೆ. ಅಪರೂಪದ ಜೀವಿಗಳು ಇಂಥ ಗಲೀಜು ಜಾಗದಲ್ಲೇ ಯಾಕೆ ಸಿಗುತ್ತವೆ?

ಉತ್ತರ: ನಿಮ್ಮ ಗೆಳೆಯ ಹೋಗಿರುವುದು ಬಹುಶಃ ಲೆಂಬೆ ಜಲಸಂಧಿಗೆ. ಸುಲಾವೆಸಿ ದ್ವೀಪದ ಉತ್ತರದ ತುದಿಯಲ್ಲಿ ಬಿಟುಂಗ್ ಅನ್ನುವ ಬಂದರು ಊರಿದೆ. ಅದರ ಎದುರಿಗೇ ಲೆಂಬೆ ದ್ವೀಪ. ಎರಡರ ನಡುವೆ ಸುಮಾರು 16 ಕಿಲೋಮೀಟರ್ ಉದ್ದದ, ಒಂದೆರಡು ಕಿಲೋಮೀಟರ್ ಅಗಲದ ನೀರಿನ ಓಣಿ. ಮಕ್ ಡೈವಿಂಗ್ ಮಾಡುವವರು ಜಗತ್ತಿನ ಎಲ್ಲ ಕಡೆಯಿಂದ ಅಲ್ಲಿಗೆ ಬರುತ್ತಾರೆ. ಮಕ್ ಅಂದ್ರೆ ಕೆಸರು, ಹೂಳು. ಈ ಹೆಸರನ್ನು 1980ರ ದಶಕದಲ್ಲಿ ಚಾಲ್ತಿಗೆ ತಂದವರು ಪಪುವಾ ನ್ಯೂಗಿನಿಯಲ್ಲಿ ಡೈವಿಂಗ್ ದೋಣಿ ನಡೆಸುತ್ತಿದ್ದ ಬಾಬ್ ಹಾಲ್‌ಸ್ಟೆಡ್.

ಮೊದಲು ಒಂದು ಮಾತು: ಕೆಸರು ಅಂದ ಮಾತ್ರಕ್ಕೆ ಅದು ಸತ್ತ ಜಾಗ ಅಲ್ಲ. ಲೆಂಬೆಯ ಮರಳು ಕಪ್ಪಗಿರುವುದು ಜ್ವಾಲಾಮುಖಿಗಳಿಂದ. ಮಳೆ ಬಂದಾಗ ನೆಲದಿಂದ ಮಣ್ಣು, ತರಗೆಲೆ ಎಲ್ಲ ಕೊಚ್ಚಿಕೊಂಡು ಬರುತ್ತದೆ. ಜಲಸಂಧಿಯ ಹರಿವು ದಿನಾ ಹೊಸ ನೀರನ್ನೂ ಅದರ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನೂ ತರುತ್ತದೆ. ಅಂದ್ರೆ ಊಟಕ್ಕೆ ತೊಂದರೆ ಇಲ್ಲ. ಜೊತೆಗೆ, ಲೋಕದಲ್ಲೇ ಅತಿ ಹೆಚ್ಚು ಬಗೆಯ ಕಡಲಜೀವಿಗಳಿರುವ ನೀರು ಈ ಭಾಗದ್ದು.

ತೊಂದರೆ ಇರುವುದು ಬೇರೆ ಕಡೆ. ಹವಳದ ದಿಬ್ಬ ಅಂದ್ರೆ ಸಂದಿಗೊಂದಿ ತುಂಬಿದ ಹಳೇ ಪೇಟೆ ಇದ್ದ ಹಾಗೆ. ಯಾರಾದರೂ ಅಟ್ಟಿಸಿಕೊಂಡು ಬಂದರೆ ಒಳಗೆ ನುಗ್ಗಿಬಿಡಬಹುದು. ಮರಳಿನ ತಳ ಬಟಾಬಯಲು. ಅಡಗೋಣ ಅಂದ್ರೆ ಒಂದು ಕಲ್ಲೂ ಇಲ್ಲ. ಅಲ್ಲಿ ಬದುಕಬೇಕಾದರೆ ಮೈಯೇ ಮರೆಯಾಗಬೇಕು. ಇಲ್ಲಿನ ಜೀವಿಗಳು ಇಷ್ಟು ವಿಚಿತ್ರವಾಗಿರುವುದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಇದೇ.

ಒಂದನ್ನು ಹತ್ತಿರದಿಂದ ನೋಡೋಣ. ನನ್ನ ಮೊದಲ ಡೈವ್‌ನಲ್ಲಿ ಗೈಡ್ ತನ್ನ ಕಡ್ಡಿಯಿಂದ ಮರಳಿನ ಮೇಲಿನ ಒಂದು ಜಾಗ ತೋರಿಸಿದರು. ಕಂಡದ್ದು ಪಾಚಿ ಹಿಡಿದ ಒಂದು ಉಂಡೆ, ಅಷ್ಟೇ. ನೀರು ಅಲುಗಿದ ಹಾಗೆಲ್ಲ ಪಾಚಿಯ ಎಳೆಗಳೂ ಅಲುಗುತ್ತಿದ್ದವು. ತುಂಬಾ ಹೊತ್ತು ನೋಡಿದ ಮೇಲೆ ಉಂಡೆಯ ನೆತ್ತಿಯಿಂದ ಒಂದು ಸಣ್ಣ ಕಡ್ಡಿ ಮುಂದಕ್ಕೆ ಬಾಗಿತು. ಅದರ ತುದಿಯಲ್ಲಿ ಹುಳದಂಥದ್ದು ಏನೋ ಕುಣಿಯಿತು. ಆಗ ಕಣ್ಣು ಸಿಕ್ಕಿತು, ಆಮೇಲೆ ಬಾಯಿ. ಅದು ಹೇರಿ ಫ್ರಾಗ್‌ಫಿಶ್, ಮೈತುಂಬ ಕೂದಲಂಥ ಎಳೆಗಳಿರುವ ಮೀನು. ಬೆನ್ನಿನ ರೆಕ್ಕೆಯ ಒಂದು ಮುಳ್ಳೇ ಅದಕ್ಕೆ ಗಾಳದ ಕೋಲು, ತುದಿಯ ಹುಳವೂ ಅದರ ಮೈಯದ್ದೇ. ಹುಳ ತಿನ್ನಲು ಬಂದ ಮೀನು ಬಾಯಿಯೊಳಗೆ ಹೋಗಲು ಸುಮಾರು 6 ಮಿಲಿಸೆಕೆಂಡ್ ಸಾಕು. ನಾವು ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಅದು ಹತ್ತು ಸಲ ಬಾಯಿ ಹಾಕಬಹುದು. ಉಳಿದ ಹೊತ್ತೆಲ್ಲ ಸುಮ್ನೆ ಕೂತಿರುತ್ತದೆ. ಜಾಗ ಬದಲಿಸಬೇಕು ಅನ್ನಿಸಿದರೆ ಈಜುವುದಕ್ಕಿಂತ ರೆಕ್ಕೆ ಊರಿ ನಡೆಯುವುದೇ ಜಾಸ್ತಿ.

ಇನ್ನೊಂದು ದಾರಿ ವೇಷ. ಮಿಮಿಕ್ ಆಕ್ಟೋಪಸ್ ಚಪ್ಪಟೆ ಮೀನಿನ ಹಾಗೆ ಮೈಮಡಚಿ ಮರಳಿನ ಮೇಲೆ ಜಾರುತ್ತದೆ. ಕೈಗಳನ್ನು ಹರಡಿ ವಿಷದ ಮುಳ್ಳಿನ ಸಿಂಹಮೀನಿನಂತೆ ತೇಲುತ್ತದೆ. ಆರು ಕೈಗಳನ್ನು ಬಿಲದೊಳಗೆ ಸೇರಿಸಿ, ಪಟ್ಟೆಪಟ್ಟೆಯ ಎರಡು ಕೈ ಮಾತ್ರ ಹೊರಗೆ ಚಾಚಿ ಕಡಲಹಾವು ಅನ್ನಿಸಿಬಿಡುತ್ತದೆ. ವಿಜ್ಞಾನಿಗಳ ಕಣ್ಣಿಗೆ ಅದು ಮೊದಲು ಬಿದ್ದದ್ದು 1998ರಲ್ಲಿ, ಸುಲಾವೆಸಿಯ ತೀರದಲ್ಲೇ, ನದಿ ಬಂದು ಸೇರುವ ಕೆಸರಿನ ತಳದಲ್ಲಿ. ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 2005ರಲ್ಲಿ. ಹಗಲು ಹೊತ್ತಲ್ಲೇ ಬಯಲಲ್ಲಿ ಓಡಾಡುವ, ಇಷ್ಟು ದೊಡ್ಡ ಆಕ್ಟೋಪಸ್ ಅಲ್ಲಿಯವರೆಗೆ ತಪ್ಪಿಸಿಕೊಂಡಿತ್ತು. ಕೆಸರಿನ ಕಡೆ ಯಾರೂ ಸರಿಯಾಗಿ ನೋಡಿರಲೇ ಇಲ್ಲ, ಅಲ್ವಾ? ಹಾಗಾಗಿ ಇಲ್ಲಿನ ಎಷ್ಟೋ ಜೀವಿಗಳನ್ನು ಅಪರೂಪ ಅನ್ನುವುದಕ್ಕಿಂತ, ನಾವು ತಡವಾಗಿ ನೋಡಿದವು ಅನ್ನುವುದು ಸರಿ.

ಅಡಗದೆ ಬಣ್ಣ ತೋರಿಸಿ ಬದುಕುವವೂ ಇವೆ. ಫ್ಲಾಂಬಾಯಂಟ್ ಕಟಲ್‌ಫಿಶ್ ನಮ್ಮ ಕರಾವಳಿಯ ಬೊಂಡಾಸಿನ ನೆಂಟ. ಅಂಗೈಯಲ್ಲಿ ಹಿಡಿಸುವಷ್ಟೇ ಇದೆ. ಕೆಣಕಿದರೆ ಮೈಮೇಲೆ ನೇರಳೆ, ಹಳದಿ, ಕೆಂಪು ಅಲೆಗಳನ್ನು ಹರಿಸುತ್ತಾ ತಳದ ಮೇಲೆ ನಡೆದು ಹೋಗುತ್ತದೆ. ನೀಲಿ ಉಂಗುರದ ಆಕ್ಟೋಪಸ್ ಇನ್ನೂ ಚಿಕ್ಕದು. ಉಂಗುರಗಳು ಮಿನುಗಿದವು ಅಂದ್ರೆ ಅದಕ್ಕೆ ಸಿಟ್ಟು ಬಂದಿದೆ ಅಂತ ಅರ್ಥ. ಅದು ಕಚ್ಚಿದರೆ ಮೈಗೆ ಸೇರುವುದು ಟೆಟ್ರೊಡೊಟಾಕ್ಸಿನ್ ಅನ್ನುವ, ಉಸಿರಾಟವನ್ನೇ ನಿಲ್ಲಿಸುವ ವಿಷ. ಇದಕ್ಕೆ ಪ್ರತಿವಿಷ ಇಲ್ಲ. ವಿಷ ಇಳಿಯುವವರೆಗೆ ಉಸಿರಾಟ ನಡೆಸಿಕೊಡುವುದೇ ಚಿಕಿತ್ಸೆ. ಮರಳಿನ ಮೇಲೆ ಕೈ ಊರಬೇಡಿ ಅಂತ ಗೈಡ್‌ಗಳು ಪದೇ ಪದೇ ಹೇಳುವುದು ಇಂಥವುಗಳಿಂದಾಗಿ. ಕಲ್ಲುಮೀನು, ಚೇಳುಮೀನುಗಳೂ ಅಲ್ಲೇ ಮಲಗಿರುತ್ತವೆ.

ಈಗ ಫೋಟೊದ ಬಾಟಲಿಗೆ ಬರೋಣ. ಬಯಲಲ್ಲಿ ಗೂಡು ಸಿಗುವುದೇ ಕಷ್ಟ. ಹಾಗಾಗಿ ಬಾಟಲಿ, ಡಬ್ಬಿ, ಹಳೇ ಟೈರು ಎಲ್ಲದರಲ್ಲೂ ಒಂದು ಸಂಸಾರ ಇರುತ್ತದೆ. ತೆಂಗಿನಕಾಯಿ ಆಕ್ಟೋಪಸ್ ಅಂತ ಒಂದಿದೆ. ಅದು ಮರಳಲ್ಲಿ ಸಿಕ್ಕ ಕರಟಗಳನ್ನು ಒಂದರೊಳಗೊಂದು ಇಟ್ಟು ತನ್ನ ಅಡಿಗೆ ಸಿಕ್ಕಿಸಿಕೊಳ್ಳುತ್ತದೆ. ಕೈಗಳನ್ನು ಕೋಲಿನಂತೆ ಸೆಟೆಸಿ ತುದಿಗಾಲಲ್ಲಿ ಹೊತ್ತುಕೊಂಡು ಹೋಗುತ್ತದೆ. ಹೊರುವಾಗ ಕರಟದಿಂದ ಅದಕ್ಕೆ ಯಾವ ರಕ್ಷಣೆಯೂ ಇಲ್ಲ, ಬರೀ ಭಾರ. ಮುಂದೆ ಬೇಕಾಗುತ್ತದೆ ಅಂತಲೇ ಹೊರುವುದು. ಅಪಾಯ ಕಂಡಾಗ ಎರಡು ಕರಟ ಜೋಡಿಸಿ ಒಳಗೆ ಕೂತುಬಿಡುತ್ತದೆ. ಇದು ಸಾಧನ ಬಳಸುವ ಜಾಣ್ಮೆ ಅಂತ ವಿಜ್ಞಾನಿಗಳು 2009ರಲ್ಲಿ ಬರೆದರು. ಇದನ್ನು ನೋಡಿ ಕಸ ಇದ್ದರೂ ಒಳ್ಳೆಯದೇ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕರಟಕ್ಕೂ ಪ್ಲಾಸ್ಟಿಕ್ ಲೋಟಕ್ಕೂ ತುಂಬಾ ವ್ಯತ್ಯಾಸ ಇದೆ. ಪಾರದರ್ಶಕ ಲೋಟದೊಳಗೆ ಕೂತ ಮರಿ ಆಕ್ಟೋಪಸ್ ಬೇಟೆಗಾರ ಮೀನಿಗೆ ಸಲೀಸಾಗಿ ಕಾಣುತ್ತದೆ.

ಇಂಡೋನೇಷ್ಯಾ ಮತ್ತು ಫಿಲಿಪೈನ್ಸ್‌ಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಮಕ್ ಡೈವಿಂಗ್‌ಗೆ ಬರುತ್ತಾರೆ, ಇದರಿಂದ 15 ಕೋಟಿ ಡಾಲರ್‌ಗೂ ಮಿಕ್ಕಿದ ವಹಿವಾಟು ನಡೆಯುತ್ತದೆ ಅಂತ 2017ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅಷ್ಟು ಜನ ಒಂದೇ ಫೋಟೊ ಬೇಕು ಅಂದಾಗ ಗೈಡ್‌ನ ಕೈಯ ಕಡ್ಡಿ ತೋರಿಸುವ ಕೆಲಸ ಬಿಟ್ಟು ನೂಕುವ ಕೆಲಸಕ್ಕೆ ಇಳಿಯುತ್ತದೆ. ಫ್ರಾಗ್‌ಫಿಶ್ ಬಾಯಿ ತೆರೆಯಲಿ ಅಂತ ತಿವಿಯುತ್ತಾರೆ, ಕಡಲಕುದುರೆಯನ್ನು ಕ್ಯಾಮೆರಾ ಕಡೆ ತಿರುಗಿಸುತ್ತಾರೆ. ಇಂಥ ತಳದ ಮೀನುಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದು ಇಷ್ಟು: ಫ್ಲ್ಯಾಶ್‌ಗಿಂತ ಹೀಗೆ ಮುಟ್ಟಿ ಕದಲಿಸುವುದೇ ಅವುಗಳನ್ನು ಹೆಚ್ಚು ಕಂಗೆಡಿಸುತ್ತದೆ. ಕದಲದೆ ಕೂರುವುದೇ ಅವುಗಳ ಬದುಕಿನ ಉಪಾಯ ಅಂದ ಮೇಲೆ ಇದು ಸಹಜ ತಾನೇ?

ನಿಮಗೂ ಹೋಗುವ ಮನಸ್ಸಿದ್ದರೆ, ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಒಂದು ಸಲ ಮುಳುಗಿದ ಅನುಭವ ಸಾಲದು. ಮೊದಲು ಡೈವಿಂಗ್ ಕೋರ್ಸ್ ಮುಗಿಸಿ. ನೀರಿನ ನಡುವೆ ಏಳದೆ, ಮುಳುಗದೆ ನಿಲ್ಲುವುದನ್ನು ಚೆನ್ನಾಗಿ ಕಲಿಯಿರಿ. ಆಮೇಲೆ ಕಪ್ಪೆಯ ಹಾಗೆ ಕಾಲು ಅಗಲಿಸಿ ಒದೆಯುವುದನ್ನು ರೂಢಿ ಮಾಡಿಕೊಳ್ಳಿ. ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ಒಂದು ಸಲ ತಳಕ್ಕೆ ಬಡಿದರೆ ಹೂಳೆದ್ದು ನಿಮಗೂ ಕಾಣುವುದಿಲ್ಲ, ಹಿಂದೆ ಬರುವವರಿಗೂ ಕಾಣುವುದಿಲ್ಲ. ಲೆಂಬೆ ತಲುಪಿದ ಮೇಲೆ, ದೋಣಿಯಲ್ಲಿ ಕೂತಾಗಲೇ ಗೈಡ್‌ಗೆ ಒಂದು ಮಾತು ಹೇಳಿಬಿಡಿ: ನನಗಾಗಿ ಯಾವುದನ್ನೂ ಮುಟ್ಟಬೇಡಿ, ಎಷ್ಟು ಹೊತ್ತಾದರೂ ಕಾಯುತ್ತೇನೆ. ನಾನು ಹೀಗೆ ಹೇಳಿದಾಗ ನನ್ನ ಗೈಡ್ ಆ ಕಡ್ಡಿಯನ್ನು ದೋಣಿಯಲ್ಲೇ ಬಿಟ್ಟು ನೀರಿಗಿಳಿದರು.