ಒಲೆಯಿಂದ ಫ್ರೀಜರ್‌ವರೆಗೆ: ಕೋಳಿ ಸ್ಟಾಕ್‌ನ ಆರು ಗಂಟೆಗಳು

ಕೋಳಿ ಮೂಳೆಗಳನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿದ ಸ್ಟಾಕ್‌ನಷ್ಟು ಚೆನ್ನಾಗಿ ಫ್ರೀಜರ್‌ಗೆ ಒಗ್ಗುವ ಆಹಾರ ಇನ್ನೊಂದು ಸಿಗುವುದು ಕಷ್ಟ. ಟೊಮೆಟೊ ಹಣ್ಣನ್ನು ಫ್ರೀಜರ್‌ನಲ್ಲಿಟ್ಟು ತೆಗೆದರೆ ಪಿಚಪಿಚ ಎನ್ನುತ್ತದೆ, ಸೌತೆಕಾಯಿ ಸೋತು ನೀರು ಬಿಡುತ್ತದೆ. ಸ್ಟಾಕ್ ಮಾತ್ರ ಮತ್ತೆ ಒಲೆಯ ಮೇಲಿಟ್ಟರೆ ಮೊದಲು ಹೇಗಿತ್ತೋ ಹಾಗೇ ಆಗುತ್ತದೆ. ಆದರೂ ಮನೆಯಲ್ಲಿ ಮಾಡಿದ ಸ್ಟಾಕ್ ಕೆಡುವುದುಂಟು, ಅದರಿಂದ ಹೊಟ್ಟೆ ಕೆಡುವುದೂ ಉಂಟು. ಅಂಥ ಕಡೆ ಹುಡುಕಬೇಕಾದದ್ದು ಫ್ರೀಜರ್‌ನಲ್ಲಿ ಕಳೆದ ತಿಂಗಳುಗಳನ್ನಲ್ಲ. ಒಲೆ ಆರಿಸಿದ ಮೇಲೆ, ಫ್ರೀಜರ್ ಸೇರುವ ಮುಂಚೆ ಕಳೆದ ಕೆಲವೇ ಗಂಟೆಗಳನ್ನು. ಸ್ಟಾಕ್ ಮಾಡುವ ವಿಧಾನದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದನ್ನು ತಣಿಸುವುದು ಹೇಗೆ ಎನ್ನುವುದಕ್ಕೂ ಅಷ್ಟೇ ಗಮನ ಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಪಾತ್ರೆಯಲ್ಲಿ ಏನಿದೆ ಎಂದು ನೋಡೋಣ. ಕೋಳಿಯ ಚರ್ಮ, ಮೂಳೆ, ಮೃದ್ವಸ್ಥಿ, ಕೀಲುಗಳನ್ನು ಹಿಡಿದಿಡುವ ನಾರು, ಇವೆಲ್ಲದರಲ್ಲೂ ಕೊಲಾಜೆನ್ ಎಂಬ ಪ್ರೋಟೀನ್ ತುಂಬಿಕೊಂಡಿರುತ್ತದೆ. ಮೂರು ಎಳೆಗಳನ್ನು ಹೊಸೆದು ಮಾಡಿದ ಹಗ್ಗದಂತೆ ಅದರ ಅಣುವಿನ ರಚನೆ. ನೀರಿನಲ್ಲಿ ಹೊತ್ತುಗಟ್ಟಲೆ ಬೆಂದಾಗ ಆ ಹೊಸೆತ ಬಿಚ್ಚಿಕೊಂಡು ಎಳೆಗಳು ಬಿಡಿಬಿಡಿಯಾಗಿ ನೀರಿಗೆ ಬರುತ್ತವೆ. ಅದೇ ಜೆಲಾಟಿನ್. ರೆಕ್ಕೆಯ ತುದಿ, ಕತ್ತು, ಕಾಲು ಹಾಕಿದ ಸ್ಟಾಕ್ ಗಟ್ಟಿಯಾಗಿ ಹೆಪ್ಪುಗಟ್ಟುವುದು ಆ ಭಾಗಗಳಲ್ಲಿ ಕೊಲಾಜೆನ್ ಹೆಚ್ಚಾಗಿರುವುದರಿಂದ. ಈ ಕೆಲಸಕ್ಕೆ ವೇಗ ಕೊಡಲು ಹೊರಟವರಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ ಮುಖ್ಯ. 1679ರಲ್ಲಿ ಲಂಡನ್ನಿನಲ್ಲಿ ಆತ ರೂಪಿಸಿದ ಉಗಿಪಾತ್ರೆಯ ಉದ್ದೇಶವೇ ಗಟ್ಟಿ ಮೂಳೆಯನ್ನು ಮೆತ್ತಗೆ ಮಾಡಿ ಅದರ ಸಾರ ತೆಗೆಯುವುದಾಗಿತ್ತು. ಇವತ್ತಿನ ಪ್ರೆಷರ್ ಕುಕ್ಕರ್‌ನ ಮೂಲ ಅದೇ.

ತಣ್ಣಗಾದಾಗ ಜೆಲಾಟಿನ್ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ಬಲೆಯಾಗುತ್ತವೆ, ನೀರು ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ನೂರು ಪಾಲಿನಲ್ಲಿ ಒಂದೆರಡು ಪಾಲು ಜೆಲಾಟಿನ್ ಇದ್ದರೂ ಫ್ರಿಜ್‌ನಲ್ಲಿ ಸ್ಟಾಕ್ ಹೆಪ್ಪಾಗುತ್ತದೆ. ಮೈಯ ಬಿಸಿಗಿಂತ ಕಡಿಮೆ ಉಷ್ಣತೆಯಲ್ಲೇ ಅದು ಮತ್ತೆ ಕರಗುತ್ತದೆ. ಹೀಗೆ ಎಷ್ಟು ಬಾರಿ ಹೆಪ್ಪಾಗಿ ಕರಗಿದರೂ ದೊಡ್ಡ ನಷ್ಟವಿಲ್ಲ. ಫ್ರೀಜರ್ ಸ್ಟಾಕನ್ನು ಹಾಳುಮಾಡದಿರಲು ಇದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಮುಂದೆ ಬರುತ್ತೇನೆ.

ಈಗ ಆ ಗಂಟೆಗಳ ಮಾತು. ಇಷ್ಟು ಹೊತ್ತು ಕುದಿದ ಪಾತ್ರೆಯಲ್ಲಿ ಜೀವಾಣು ಎಲ್ಲಿ ಉಳಿದಿರುತ್ತದೆ ಎಂದು ಕೇಳಬಹುದು. ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ನಿಜ. ಆದರೆ ಕೆಲವು ಜಾತಿಗಳು ಕಷ್ಟಕಾಲಕ್ಕೆಂದು ಬೀಜಕಣಗಳಾಗಿ ಮುದುಡಿಕೊಂಡಿರುತ್ತವೆ, ಅವು 100 ಡಿಗ್ರಿಯ ಕುದಿಗೆ ಬಗ್ಗುವುದಿಲ್ಲ. ಕೋಳಿ ಅಡುಗೆಯಲ್ಲಿ ಮುಖ್ಯವಾಗಿ ಹೆದರಬೇಕಾದದ್ದು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್‌ಗೆ. ಮಣ್ಣಿನಲ್ಲೂ ಪ್ರಾಣಿಪಕ್ಷಿಗಳ ಕರುಳಿನಲ್ಲೂ ಇದು ಸಾಮಾನ್ಯ. ಬೇಯಿಸುವುದರಿಂದ ಇದಕ್ಕೆ ಮೂರು ಬಗೆಯ ಅನುಕೂಲವಾಗುತ್ತದೆ. ಬಿಸಿ ತಾಗಿದ ಬೀಜಕಣ ಮೊಳೆಯಲು ಇನ್ನಷ್ಟು ಸಿದ್ಧವಾಗುತ್ತದೆ. ಆಹಾರಕ್ಕಾಗಿ ಪೈಪೋಟಿ ಮಾಡುವ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಸತ್ತಿರುತ್ತವೆ. ಕುದಿಯುವಾಗ ನೀರಿನಲ್ಲಿದ್ದ ಆಮ್ಲಜನಕ ಹೊರಹೋಗಿರುತ್ತದೆ. ಆಮ್ಲಜನಕ ಇದಕ್ಕೆ ಆಗದು. ಇಷ್ಟರ ಮೇಲೆ ಪಾತ್ರೆಯ ತುಂಬ ಪ್ರೋಟೀನಿನ ಸಾರ.

43ರಿಂದ 47 ಡಿಗ್ರಿ ಸೆಲ್ಸಿಯಸ್ ನಡುವೆ ಇದರ ಸಂತಾನ 10 ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಇಮ್ಮಡಿಯಾಗಬಲ್ಲದು. 10 ನಿಮಿಷ ಎಂದೇ ಹಿಡಿದರೂ ಒಂದು ಗಂಟೆಯಲ್ಲಿ ಒಂದು 64 ಆಗುತ್ತದೆ, ಎರಡು ಗಂಟೆಯಲ್ಲಿ 4,096, ಮೂರು ಗಂಟೆಯಲ್ಲಿ 2,62,144. ಇಷ್ಟಾಗಿಯೂ ಸ್ಟಾಕ್‌ನ ಬಣ್ಣ, ವಾಸನೆ, ರುಚಿ ಏನೂ ಬದಲಾಗದೆ ಇರಬಹುದು. ಮೂಸಿ ನೋಡಿ ಚೆನ್ನಾಗಿದೆ ಎಂದು ತೀರ್ಮಾನಿಸುವ ಅಭ್ಯಾಸವನ್ನು ಈ ವಿಷಯದಲ್ಲಂತೂ ಬಿಡಲೇಬೇಕು. ಕೋಟಿಗಟ್ಟಲೆ ಸಂಖ್ಯೆಯಲ್ಲಿ ಇವು ಹೊಟ್ಟೆ ಸೇರಿದಾಗ ಕರುಳಿನಲ್ಲಿ ವಿಷ ಬಿಡುಗಡೆಯಾಗಿ, 6ರಿಂದ 24 ಗಂಟೆಗಳ ಒಳಗೆ ಹೊಟ್ಟೆ ಹಿಂಡುವ ನೋವು, ಭೇದಿ ಶುರುವಾಗುತ್ತದೆ. ಮತ್ತೆ ಚೆನ್ನಾಗಿ ಕುದಿಸಿದರೆ ಬೆಳೆದ ಪರ್ಫ್ರಿಂಜೆನ್ಸ್ ಸಾಯುತ್ತದೆ. ಆದರೆ ಸ್ಟೆಫೈಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾಗಳು ಆಹಾರದಲ್ಲೇ ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಹಾಗಾಗಿ ರಾತ್ರಿಯಿಡೀ ಹೊರಗಿದ್ದ ಸ್ಟಾಕನ್ನು ಬೆಳಿಗ್ಗೆ ಕುದಿಸಿ ಸರಿಮಾಡಿಕೊಳ್ಳಬಹುದು ಎಂದು ನಂಬಬಾರದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮ ಹೋಟೆಲ್ ಅಡುಗೆಮನೆಗಳಿಗೆ ಒಂದು ಲೆಕ್ಕ ಕೊಡುತ್ತದೆ. ಬೆಂದ ಆಹಾರ 57 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ ಇಳಿಯಬೇಕು, 57ರಿಂದ 5 ಡಿಗ್ರಿಗೆ ತಲುಪಲು ಒಟ್ಟು 6 ಗಂಟೆ ಮೀರಬಾರದು. ಮೊದಲ ಹಂತಕ್ಕೆ ಅಷ್ಟು ಅವಸರ ಏಕೆಂದು ಮೇಲಿನ ಗುಣಾಕಾರದಿಂದಲೇ ಗೊತ್ತಾಗುತ್ತದೆ: ಬ್ಯಾಕ್ಟೀರಿಯಾಗೆ ಅತ್ಯಂತ ಹಿತವಾದ ಉಷ್ಣತೆ ಇರುವುದು ಅಲ್ಲೇ. ಮನೆಯ ಅಡುಗೆಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುತ್ತಿಲ್ಲ.

ಕೇಳಲು ಸುಲಭ. ಆದರೆ ಐದು ಲೀಟರ್ ಸ್ಟಾಕ್ ತುಂಬಿದ ಎತ್ತರದ ಪಾತ್ರೆ ತಾನಾಗಿ ಆ ಗಡುವಿನೊಳಗೆ ತಣ್ಣಗಾಗುವುದಿಲ್ಲ. ನೀರು ಶಾಖವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿಗ. ಒಂದು ಕಿಲೊ ನೀರು ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 4.2 ಕಿಲೊಜೂಲ್ ಶಾಖ ಹೊರಹೋಗಬೇಕು. ಐದು ಲೀಟರ್ ಸ್ಟಾಕ್ 95ರಿಂದ 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 1,900 ಕಿಲೊಜೂಲ್ ಹೊರಹೋಗಬೇಕಾಗುತ್ತದೆ. ಅಷ್ಟೂ ಹೋಗಬೇಕಾದದ್ದು ಪಾತ್ರೆಯ ಮೈಯ ಮೂಲಕ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ರಸಕ್ಕೆ ಹೋಲಿಸಿದರೆ ಹೊರಮೈ ಕಡಿಮೆಯಾಗುತ್ತಾ ಹೋಗುತ್ತದೆ.

ಸ್ಟಾಕ್‌ಗೆ ಮಾತ್ರ ಇರುವ ತೊಂದರೆಗಳು ಇನ್ನೂ ಎರಡಿವೆ. ಮೇಲೆ ತೇಲುವ ಕೊಬ್ಬು ಮುಚ್ಚಳವಾಗಿ ನಿಂತು ಆವಿಯಾಗುವುದನ್ನು ತಡೆಯುತ್ತದೆ, ಆವಿಯೊಡನೆ ಹೋಗಬೇಕಿದ್ದ ಶಾಖ ಒಳಗೇ ಉಳಿಯುತ್ತದೆ. ಮುಂದೆ ತಣ್ಣಗಾಗುತ್ತಾ ಬಂದಂತೆ ಪಾತ್ರೆಯ ಅಂಚಿನಲ್ಲಿ ಜೆಲಾಟಿನ್ ಹೆಪ್ಪುಗಟ್ಟಲು ತೊಡಗುತ್ತದೆ. ದ್ರವವಾಗಿದ್ದಾಗ ಬಿಸಿ ರಸ ಮೇಲೇರಿ ತಣ್ಣನೆಯದು ಕೆಳಗಿಳಿದು ತಾನೇ ಕಲಕಿಕೊಳ್ಳುತ್ತಿತ್ತು. ಹೆಪ್ಪಾದ ಮೇಲೆ ಆ ಚಲನೆ ನಿಲ್ಲುತ್ತದೆ, ನಡುವಿನ ಶಾಖ ಪದರ ಪದರವಾಗಿ ದಾಟಿಕೊಂಡೇ ಹೊರಬರಬೇಕು. ಒಳ್ಳೆಯ, ಗಟ್ಟಿ ಸ್ಟಾಕ್ ಮಾಡಿದಷ್ಟೂ ಅದನ್ನು ತಣಿಸುವುದು ಕಷ್ಟ.

ಹಾಗಾದರೆ ಏನು ಮಾಡಬೇಕು? ಸಿಂಕ್‌ನಲ್ಲಿ ತಣ್ಣೀರು ತುಂಬಿ ಪಾತ್ರೆಯನ್ನು ಅದರಲ್ಲಿ ಇಳಿಸಿ, ಸೌಟಿನಿಂದ ಕಲಕುತ್ತಿರಬೇಕು. ನೀರು ಬೆಚ್ಚಗಾದ ಹಾಗೆ ಬದಲಿಸಬೇಕು. ಐಸ್ ಹಾಕುವುದಿದ್ದರೆ ಮೊದಲೇ ಹಾಕಬೇಡಿ. ಒಂದು ಕಿಲೊ ಐಸ್ ಕರಗುವಾಗ 334 ಕಿಲೊಜೂಲ್ ಹೀರಿಕೊಳ್ಳುತ್ತದೆ. ಇಡೀ ಕೆಲಸವನ್ನು ಅದರಿಂದಲೇ ಮಾಡಿಸಲು ಹೊರಟರೆ ಐದೂವರೆ ಕಿಲೊಗಿಂತ ಹೆಚ್ಚು ಐಸ್ ಕರಗಬೇಕು. 95ರಿಂದ 30 ಡಿಗ್ರಿವರೆಗೆ ನಲ್ಲಿ ನೀರೇ ಇಳಿಸಿಕೊಟ್ಟರೆ ಶಾಖದ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ಹೊರಟುಹೋಗಿರುತ್ತದೆ. ಉಳಿದದ್ದಕ್ಕೆ ಲೆಕ್ಕದ ಪ್ರಕಾರ ಸುಮಾರು 1.6 ಕಿಲೊ ಐಸ್ ಸಾಕು, ಸುತ್ತಲಿನ ಗಾಳಿಯ ಬಿಸಿಗೆ ಕರಗುವುದನ್ನು ಸೇರಿಸಿ ಎರಡು ಕಿಲೊ ಎಂದುಕೊಳ್ಳಿ. ಹೊರಮೈ ಚೆನ್ನಾಗಿ ತೊಳೆದ ಬಾಟಲಿಯಲ್ಲಿ ನೀರು ಗಟ್ಟಿಗಟ್ಟಿಸಿ ಸ್ಟಾಕ್ ಒಳಗೇ ಮುಳುಗಿಸುವುದು ಇನ್ನೊಂದು ದಾರಿ. ಆಗ ಒಳಗಿನಿಂದಲೂ ತಣಿಯುತ್ತದೆ. ಸಿಂಕ್, ಐಸ್ ಎರಡೂ ಇಲ್ಲದಿದ್ದರೆ ಅಗಲವಾದ ತಟ್ಟೆಯಂಥ ಪಾತ್ರೆಗಳಲ್ಲಿ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಹಂಚಿ ಇಡಬಹುದು.

ಬಿಸಿ ಪಾತ್ರೆಯನ್ನು ನೇರವಾಗಿ ಫ್ರಿಜ್‌ಗೆ ಇಟ್ಟರೆ? ಮನೆಯ ಫ್ರಿಜ್ ತಣ್ಣಗಿರುವುದನ್ನು ತಣ್ಣಗೆ ಇಡಲು ಮಾಡಿದ ಯಂತ್ರ, ಐದು ಲೀಟರ್ ಕುದಿನೀರಿನ ಶಾಖವನ್ನು ಬೇಗ ಹೊರಹಾಕುವ ಶಕ್ತಿ ಅದಕ್ಕಿಲ್ಲ. ಪಕ್ಕದಲ್ಲಿರುವ ಹಾಲು, ಮಾಂಸ ಎಲ್ಲ ಬೆಚ್ಚಗಾಗುತ್ತವೆ. ಅರ್ಧ ಲೀಟರ್ ಡಬ್ಬಿಯಾದರೆ ಅಷ್ಟು ತೊಂದರೆಯಿಲ್ಲ, ಬೆಚ್ಚಗಿರುವಾಗಲೇ ಇಡಬಹುದು.

ಇನ್ನೊಂದು ಅಭ್ಯಾಸದ ಬಗ್ಗೆ ಖಂಡಿತವಾಗಿ ಹೇಳಬೇಕು. ಕುದಿಯುವ ಸ್ಟಾಕನ್ನು ಗಾಜಿನ ಜಾಡಿಗೆ ಸುರಿದು ಬಿಗಿಯಾಗಿ ಮುಚ್ಚಿ, ಮುಚ್ಚಳ ಒಳಕ್ಕೆ ಎಳೆದುಕೊಂಡಿತೆಂದು ಕಪಾಟಿನಲ್ಲಿ ಇಡುವವರಿದ್ದಾರೆ. ಇದು ಅಪಾಯ. ಸ್ಟಾಕ್‌ನಲ್ಲಿ ಹುಳಿ ಇಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಜಾಡಿ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್‌ಗೆ ಹೇಳಿ ಮಾಡಿಸಿದ ಜಾಗ. ಅದರ ಬೀಜಕಣಗಳೂ ಕುದಿನೀರಿನಲ್ಲಿ ಬದುಕುಳಿಯುತ್ತವೆ, ಅದು ಉತ್ಪಾದಿಸುವ ವಿಷ ನರಗಳನ್ನು ನಿಷ್ಕ್ರಿಯಗೊಳಿಸಿ ಉಸಿರಾಟವನ್ನೇ ನಿಲ್ಲಿಸಬಲ್ಲದು. ಕಪಾಟಿನಲ್ಲಿಡಬೇಕಾದರೆ ಜಾಡಿಗಳನ್ನು ಅದಕ್ಕೆಂದೇ ಇರುವ ಒತ್ತಡದ ಕ್ಯಾನರ್‌ನಲ್ಲಿ, ಕುದಿಬಿಂದುವಿಗಿಂತ ಹೆಚ್ಚಿನ ಉಷ್ಣತೆಯಲ್ಲಿ, ಪರೀಕ್ಷಿಸಿ ಗೊತ್ತುಮಾಡಿದ ಸಮಯದಷ್ಟು ಇಡಬೇಕು. ಅದಿಲ್ಲದವರಿಗೆ ಫ್ರೀಜರ್ ಒಂದೇ ಸರಿಯಾದ ದಾರಿ.

ತಣಿದ ಸ್ಟಾಕನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಕೊಬ್ಬು ಮೇಲೆ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲೇ ಇಟ್ಟು ಮೂರು ನಾಲ್ಕು ದಿನದಲ್ಲಿ ಬಳಸುವುದಾದರೆ ಆ ಪದರ ಇರಲಿ, ಗಾಳಿ ತಾಗದಂತೆ ತಡೆಯುತ್ತದೆ. ಫ್ರೀಜರ್‌ಗೆ ಹೋಗುವುದಾದರೆ ತೆಗೆದುಬಿಡಿ. ಕೋಳಿಯ ಕೊಬ್ಬಿನಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳು ದನದ ಕೊಬ್ಬಿಗಿಂತ ಹೆಚ್ಚು, ಅವು ಆಮ್ಲಜನಕದೊಡನೆ ಬೇಗ ವರ್ತಿಸುತ್ತವೆ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಆದರೆ ಈ ರಾಸಾಯನಿಕ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ತಿಂಗಳುಗಳ ನಂತರ ಸ್ಟಾಕ್‌ಗೆ ಬರುವ ಕಮಟು ವಾಸನೆಯ ಮೂಲ ಹೆಚ್ಚಾಗಿ ಆ ಕೊಬ್ಬೇ.

ಜಾಗ ಕಡಿಮೆಯಿದ್ದರೆ ಮೊದಲು ಬತ್ತಿಸಿಕೊಳ್ಳಿ. ನಾಲ್ಕು ಲೀಟರ್ ಒಂದು ಲೀಟರ್ ಆಗುವವರೆಗೆ ಕುದಿಸಿ, ಐಸ್ ಟ್ರೇಯಲ್ಲಿ ಗಟ್ಟಿಗಟ್ಟಿಸಿದರೆ ಬೇಕಾದಾಗ ಒಂದೆರಡು ತುಂಡು ತೆಗೆದು ನೀರು ಬೆರೆಸಿದರಾಯಿತು. ಫ್ರೀಜರ್ ಇಲ್ಲದ ಕಾಲದಲ್ಲಿ ಇದೇ ಉಪಾಯವನ್ನು ಕೊನೆಯವರೆಗೆ ಕೊಂಡೊಯ್ದಿದ್ದರು: ಮಾಂಸದ ಸಾರವನ್ನು ಅಂಟಿನಂತಾಗುವವರೆಗೆ ಬತ್ತಿಸಿ, ಒಣಗಿಸಿ, ಬಿಲ್ಲೆ ಮಾಡಿ ಹಡಗಿಗೆ ಹಾಕುತ್ತಿದ್ದರು. 1768ರಲ್ಲಿ ಹೊರಟ ಜೇಮ್ಸ್ ಕುಕ್‌ನ ಎಂಡೆವರ್ ಹಡಗಿನಲ್ಲಿ ಅಂಥ ಬಿಲ್ಲೆಗಳ ದಾಸ್ತಾನಿತ್ತು. ನೀರೇ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲಾರದು. ಒಂದು ಎಚ್ಚರಿಕೆ: ಬತ್ತಿಸುವ ಸ್ಟಾಕ್‌ಗೆ ಉಪ್ಪು ಹಾಕಬಾರದು. ನೀರು ಹೋಗುತ್ತದೆ, ಉಪ್ಪು ಅಷ್ಟೂ ಉಳಿಯುತ್ತದೆ.

ನೀರು ಐಸ್ ಆಗುವಾಗ ಅದರ ಗಾತ್ರ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಕಂಠಮಟ್ಟ ತುಂಬಿದ ಗಾಜಿನ ಜಾಡಿ ಒಡೆಯುವುದು ಇದಕ್ಕೇ. ಕುತ್ತಿಗೆ ಕಿರಿದಾದ ಜಾಡಿಯಲ್ಲಿ ಹಿಗ್ಗಿದ ಐಸ್ ಮೇಲೇರಲಾಗದೆ ಭುಜಕ್ಕೆ ಒತ್ತುತ್ತದೆ, ಆದ್ದರಿಂದ ಗಾಜೇ ಬೇಕೆಂದರೆ ನೇರ ಮೈಯ, ಬಾಯಗಲದ ಜಾಡಿ ಆರಿಸಿ ಎರಡು ಮೂರು ಸೆಂಟಿಮೀಟರ್ ಖಾಲಿ ಬಿಡಿ. ನನಗೆ ಹೆಚ್ಚು ಇಷ್ಟವಾದದ್ದು ಜಿಪ್ ಚೀಲ. ಗಾಳಿ ಹೊರಹಾಕಿ, ಮಟ್ಟಸವಾಗಿ ಮಲಗಿಸಿದರೆ ತೆಳ್ಳನೆಯ ಹಲಗೆಯಾಗುತ್ತದೆ. ದಪ್ಪ ಅರ್ಧವಾದರೆ ಗಟ್ಟಿಯಾಗಲು ಬೇಕಾದ ಹೊತ್ತು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಕರಗಲೂ ಹಾಗೆಯೇ.

ಮೀನು, ಮಾಂಸವನ್ನು ಬೇಗ ಗಟ್ಟಿಗಟ್ಟಿಸಬೇಕು ಎನ್ನುವುದನ್ನು ಕ್ಲಾರೆನ್ಸ್ ಬರ್ಡ್ಸ್ಐ ಕೆನಡಾದ ಲ್ಯಾಬ್ರಡಾರ್‌ನ ಚಳಿಯಲ್ಲಿ ಕಂಡುಕೊಂಡು, 1920ರ ದಶಕದಲ್ಲಿ ದೊಡ್ಡ ಉದ್ಯಮವಾಗಿಸಿದ. ನಿಧಾನವಾಗಿ ಬೆಳೆದ ದೊಡ್ಡ ಐಸ್ ಹರಳುಗಳು ಜೀವಕೋಶಗಳ ಪೊರೆಯನ್ನು ಸೀಳುತ್ತವೆ, ಕರಗಿದಾಗ ರಸವೆಲ್ಲ ಸೋರಿಹೋಗುತ್ತದೆ. ಸೋಸಿದ ಸ್ಟಾಕ್‌ನಲ್ಲಿ ಸೀಳಲು ಜೀವಕೋಶವೇ ಇಲ್ಲ. ಮೇಲೆ ಹೇಳದೆ ಉಳಿಸಿದ್ದ ಇನ್ನೊಂದು ಕಾರಣ ಇದು. ಹರಳುಗಳು ಜೆಲಾಟಿನ್ ಬಲೆಯನ್ನು ಹರಿಯುತ್ತವೆ ನಿಜ, ಆದರೆ ಒಮ್ಮೆ ಬಿಸಿಮಾಡಿ ತಣಿಸಿದರೆ ಬಲೆ ಹೊಸದಾಗಿ ಹೆಣೆದುಕೊಳ್ಳುತ್ತದೆ.

ಮೈನಸ್ 18ರಲ್ಲೇ ಇದ್ದರೆ ಸ್ಟಾಕ್ ವರ್ಷ ಕಳೆದರೂ ಆರೋಗ್ಯಕ್ಕೆ ಕೇಡಲ್ಲ. ರುಚಿಯ ಮಾತು ಬೇರೆ: ಮೂರು ತಿಂಗಳಲ್ಲಿ ಬಳಸಿದರೆ ಒಳ್ಳೆಯದು, ಆರು ತಿಂಗಳ ಮೇಲೆ ಮಂಕಾಗುತ್ತದೆ. ಚೀಲದೊಳಗೆ ಗಾಳಿ ಉಳಿದಿದ್ದರೆ ಐಸ್ ದ್ರವವಾಗದೆ ನೇರ ಆವಿಯಾಗಿ ಒಳಮೈಗೆ ಬಿಳಿ ಹರಳಾಗಿ ಅಂಟುತ್ತದೆ, ಮೇಲ್ಪದರ ಒಣಗುತ್ತದೆ. ತಾರೀಖು, ಅಳತೆ, ಬತ್ತಿಸಿದ್ದೋ ಅಲ್ಲವೋ ಎನ್ನುವುದನ್ನು ಚೀಲದ ಮೇಲೆ ತುಂಬುವ ಮುಂಚೆಯೇ ಬರೆಯಿರಿ. ಗಟ್ಟಿಯಾದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ತೆಗೆಯುವಾಗ ಕರಗುವುದನ್ನು ಕಾಯಬೇಕಾಗಿಲ್ಲ. ಚೀಲದ ಹೊರಗೆ ಸ್ವಲ್ಪ ನೀರು ಹರಿಸಿದರೆ ಹಲಗೆ ಸಡಿಲವಾಗುತ್ತದೆ, ಹಾಗೇ ಪಾತ್ರೆಗೆ ಜಾರಿಸಿ ಕುದಿಸಬಹುದು. ಗಾಜಿನ ಜಾಡಿಯನ್ನು ಮಾತ್ರ ಬಿಸಿನೀರಿಗೆ ಇಳಿಸಬೇಡಿ, ಒಡೆಯುತ್ತದೆ. ಹಿಂದಿನ ದಿನವೇ ಫ್ರಿಜ್‌ಗೆ ಇಳಿಸಿಡಿ. ಫ್ರಿಜ್‌ನಲ್ಲೇ ಕರಗಿದ್ದು ಹೆಚ್ಚಾದರೆ ಒಂದೆರಡು ದಿನದೊಳಗೆ ಮತ್ತೆ ಫ್ರೀಜರ್‌ಗೆ ಹಾಕಲು ಅಡ್ಡಿಯಿಲ್ಲ. ಹೊರಗೆ ಇಟ್ಟು ಕರಗಿಸಿದ್ದನ್ನು ಹಾಗೆ ಮಾಡಬಾರದು.

ಕನ್ನಡಿಯಂತೆ ತಿಳಿಯಾದ ಸೂಪ್ ಬೇಕೆನ್ನುವವರಿಗೆ ಫ್ರೀಜರ್ ಇನ್ನೊಂದು ಸಹಾಯ ಮಾಡುತ್ತದೆ. ಗಟ್ಟಿಗಟ್ಟಿದ ಸ್ಟಾಕನ್ನು ಬಟ್ಟೆ ಹಾಸಿದ ಜರಡಿಯಲ್ಲಿಟ್ಟು, ಕೆಳಗೆ ಪಾತ್ರೆಯಿರಿಸಿ, ಫ್ರಿಜ್‌ನೊಳಗೇ ಒಂದೆರಡು ದಿನ ಬಿಡಬೇಕು. ಐಸ್ ಕರಗುತ್ತದೆ, ಆ ತಂಪಿಗೆ ಜೆಲಾಟಿನ್ ಕರಗುವುದಿಲ್ಲ. ಹರಳುಗಳು ಹರಿದ ಬಲೆಯ ಕಿಂಡಿಗಳಿಂದ ರುಚಿ ತುಂಬಿದ ನೀರು ತೊಟ್ಟಿಕ್ಕುತ್ತದೆ. ಕದಡು ಮಾಡುವ ಕಣಗಳೂ ಕೊಬ್ಬೂ ಬಲೆಯಲ್ಲೇ ಉಳಿಯುತ್ತವೆ. ಕೆಳಗೆ ಸಿಕ್ಕಿದ್ದು ತಿಳಿಯಾಗಿರುತ್ತದೆ, ಆದರೆ ಜೆಲಾಟಿನ್ ಮೇಲೆಯೇ ಉಳಿದದ್ದರಿಂದ ನಾಲಿಗೆಗೆ ತೆಳುವೆನಿಸುತ್ತದೆ. ಬಾಯಿ ತುಂಬುವ ಹದ ಬೇಕೆಂದರೆ ಕುದಿಸುವಾಗ ಅದಕ್ಕೆ ಚೂರು ಜೆಲಾಟಿನ್ ಪುಡಿ ಸೇರಿಸಿಕೊಳ್ಳಬೇಕು.