ಮನೆಯ ಸ್ಥಿತಿಗತಿ, ಮಕ್ಕಳ ವಸಡು

ಶಾಲಾ ಮಕ್ಕಳ ವಸಡನ್ನು ಅಳೆಯಲು ಬರೀ ಕಣ್ಣು ಸಾಲದು. ದಂತವೈದ್ಯರು ತುದಿಯಲ್ಲಿ 0.5 ಮಿ.ಮೀ. ಗುಂಡು ಇರುವ ಕಡ್ಡಿಯನ್ನು ವಸಡಿನ ಅಂಚಿನಲ್ಲಿ ಹಗುರವಾಗಿ ಆಡಿಸಿ, ಕೆಲವು ಸೆಕೆಂಡು ಕಾಯುತ್ತಾರೆ. ಲೋ ಮತ್ತು ಸಿಲ್ನೆಸ್ ಎಂಬ ದಂತತಜ್ಞರು 1963ರಲ್ಲಿ ರೂಪಿಸಿದ ಸೂಚ್ಯಂಕದಲ್ಲಿ ಆರೋಗ್ಯವಂತ ವಸಡಿಗೆ 0. ಸ್ವಲ್ಪ ಊದಿದ್ದು, ಮುಟ್ಟಿದರೂ ರಕ್ತ ಬರದಿದ್ದರೆ 1, ಮುಟ್ಟಿದಾಗ ರಕ್ತ ಜಿನುಗಿದರೆ 2, ತಾನಾಗಿಯೇ ಸುರಿದರೆ 3.

ನಗರದ ಕುಟುಂಬಗಳ ಸ್ಥಿತಿಗತಿ ಅಳೆಯಲು ನಮ್ಮಲ್ಲಿ ಹೆಚ್ಚಾಗಿ ಬಳಸುವುದು 1976ರ ಕುಪ್ಪುಸ್ವಾಮಿ ಮಾಪಕ. ಹೆಚ್ಚೆಂದರೆ ಯಜಮಾನರ ಓದಿಗೆ 7, ಉದ್ಯೋಗಕ್ಕೆ 10, ಆದಾಯಕ್ಕೆ 12, ಒಟ್ಟು 29 ಅಂಕ. ಮನೆಯ ಅಂಕ ಇಳಿದಂತೆ ವಸಡಿನ ಅಂಕ ಏರುವುದು ಸಾಮಾನ್ಯವಾಗಿ ಕಾಣುತ್ತದೆ. ಹಾಗೆಂದು ಅನುಕೂಲಸ್ಥರ ಮಕ್ಕಳ ವಸಡು ಊದುವುದೇ ಇಲ್ಲವೆಂದಲ್ಲ. ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಎಲ್ಲರ ವಸಡೂ ಸೂಕ್ಷ್ಮ.

ಬಡತನ ನೇರವಾಗಿ ವಸಡನ್ನು ಊದಿಸುವುದಿಲ್ಲ. ಡೆನ್ಮಾರ್ಕಿನಲ್ಲಿ ನಡೆದು 1965ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಲ್ಲಿಗೆ ಮೂಲ ಕಾರಣ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾ ಪದರ, ಅಂದರೆ ಪ್ಲಾಕ್. ಅದು ಯಾವ ಮನೆಯಲ್ಲಿ ಏಕೆ ಉಳಿಯುತ್ತದೆ ಎಂಬುದೇ ಪ್ರಶ್ನೆ.

ಬ್ರಷ್, ಪೇಸ್ಟಿನ ದುಡ್ಡಿಗಿಂತ ಹೆಚ್ಚು ಕಾಡುವುದು ದೊಡ್ಡವರ ಸಮಯ. ಏಳೆಂಟು ವರ್ಷದವರೆಗೆ ಮಗುವಿನ ಕೈ ಹಿಂದಿನ ಹಲ್ಲುಗಳ ಒಳಬದಿಗೆ ಸರಿಯಾಗಿ ತಲುಪುವುದಿಲ್ಲ. ದೊಡ್ಡವರೇ ಉಜ್ಜಬೇಕು. ಬೆಳಕು ಹರಿಯುವ ಮುಂಚೆ ಕೂಲಿಗೆ ಹೊರಡುವ ತಾಯಿಗೆ ಅದು ಎಲ್ಲಿ ಸಾಧ್ಯ? ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಉಜ್ಜಿದರೆ ಹಲ್ಲೂ ವಸಡೂ ಸವೆಯುತ್ತವೆ, ಅಂಚಿನ ಪದರ ಹಾಗೇ ಉಳಿಯುತ್ತದೆ. ರಕ್ತ ಕಂಡ ಕೂಡಲೇ ಆ ಜಾಗ ಬಿಟ್ಟು ಉಜ್ಜುವುದು ಇನ್ನೂ ಕೆಟ್ಟದ್ದು. ಇವು ತಿಳಿವಳಿಕೆಯ ಕೊರತೆ. ಉಳಿದ ಪದರ ಜೊಲ್ಲಿನ ಸುಣ್ಣದಂಶದಿಂದ ಗಟ್ಟಿಯಾಗಿ ಗಾರೆಯಾಗುತ್ತದೆ. ಅದನ್ನು ತೆಗೆಸಲು ಶುಲ್ಕದ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಹಣದ ಕೊರತೆ ನಿಜವಾಗಿ ಕಚ್ಚುವುದು ಇಲ್ಲಿ. ಆದ್ದರಿಂದ ಓದಿನ ಅಂಕ, ಆದಾಯದ ಅಂಕ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಒಟ್ಟು ಮೊತ್ತ ಒಂದೇ ಇದ್ದರೂ ಎರಡು ಮನೆಗಳ ತೊಡಕು ಒಂದೇ ಆಗಿರುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ಮೆತ್ತನೆಯ ಬ್ರಷ್ಷನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಬೆಳಿಗ್ಗೆ ಮತ್ತು ಮಲಗುವ ಮುನ್ನ ಎರಡೆರಡು ನಿಮಿಷ ಚಿಕ್ಕಚಿಕ್ಕದಾಗಿ ಆಡಿಸಿ. ಆರು ದಾಟಿದವರಿಗೆ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಒಬ್ಬರಿಗೆ ಒಂದು ಬ್ರಷ್, ಎಳೆ ಬಾಗಿದರೆ ಹೊಸದು. ರಕ್ತ ಬಂದರೂ ನಿಲ್ಲಿಸಬೇಡಿ. ಎರಡು ವಾರಕ್ಕೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಕೆಳಗಿನ ಮುಂಬಲ್ಲುಗಳ ಹಿಂಬದಿ ಹಳದಿ ಗಾರೆ ಕಂಡರೆ ಬ್ರಷ್‌ನಿಂದ ಹೋಗದು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ಬೇಡ. ಗಾರೆ ತುಂಬಿದ್ದ ಸಂದಿ ಖಾಲಿಯಾದಾಗ ಹಾಗೆ ಅನಿಸುತ್ತದೆ, ಅಷ್ಟೇ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ಬಂದಾಗ ಹಲ್ಲಿನ ತಪಾಸಣೆಯೂ ಅದರಲ್ಲಿ ಸೇರಿರುತ್ತದೆ. ರಕ್ತ ಬರುವ ವಿಷಯವನ್ನು ಅವರ ಮುಂದೆ ಬಾಯಿಬಿಟ್ಟು ಹೇಳುವಂತೆ ಮಗುವಿಗೆ ತಿಳಿಸಿ ಕಳಿಸಿ.